ಮೂರು ಚೀಲ ನಾಲ್ಕಾದ ಕಥೆ

ಕನ್ನಡ ವಿಕಿಪೀಡಿಯಾದ ಪುಟವೊಂದರ ಕೊಂಡಿಯನ್ನು ನಕಲಿಸಿ ಯಾರಿಗಾದರೂ ಕಳಿಸಿದ್ದೀರಾ? ಬ್ರೌಸರಿನಲ್ಲಿ ಚೆಂದವಾಗಿ ಕನ್ನಡದಲ್ಲೇ ಕಾಣುತ್ತಿದ್ದ ವಿಳಾಸ, ಅಂಟಿಸಿದ ಕೂಡಲೇ ಎಷ್ಟೋ ಸಲ ಶೇಕಡಾ ಚಿಹ್ನೆ, ಇ, ಸೊನ್ನೆ, ಮತ್ತೆ ಶೇಕಡಾ ಚಿಹ್ನೆ, ಬಿ, ಎರಡು... ಎಂದು ಮೂರು ಸಾಲಿನಷ್ಟು ಉದ್ದ ಬೆಳೆದುಬಿಡುತ್ತದೆ. ಇನ್ನು ಕನ್ನಡದಲ್ಲಿ ಬಂದ ಇ-ಮೇಲ್ ಒಂದರ ಮೂಲರೂಪವನ್ನು ತೆರೆದು ನೋಡಿದರಂತೂ ಅಲ್ಲಿ ಕನ್ನಡದ ಸುಳಿವೇ ಇರುವುದಿಲ್ಲ. 4, ಎಲ್, ಕೆ... 4, ಎಲ್, ಓ... ಎಂದು ಮಗುವೊಂದು ಕೀಲಿಮಣೆಯ ಮೇಲೆ ಕೈಯಾಡಿಸಿದ ಹಾಗೆ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಸಾಲುಗಟ್ಟಿ ನಿಂತಿರುತ್ತವೆ.

ಕಡತ ಕೆಟ್ಟುಹೋಗಿಲ್ಲ. ಇದು ಗುಪ್ತಲಿಪಿಯೂ ಅಲ್ಲ. ನಮ್ಮ ಅಕ್ಷರಗಳು ಪ್ರಯಾಣಕ್ಕೆಂದು ಹಾಕಿಕೊಂಡ ವೇಷ, ಅಷ್ಟೇ. ಈ ವೇಷ ಯಾಕೆ ಬೇಕಾಯಿತು, ಅದನ್ನು ಹೊಲಿದವರು ಯಾರು, ದಾರಿ ಅಗಲವಾದ ಮೇಲೂ ಅದನ್ನು ಯಾಕೆ ಕಳಚಿಲ್ಲ ಎನ್ನುವುದನ್ನು ಇಲ್ಲಿ ಹೇಳಹೊರಟಿದ್ದೇನೆ. ನಡುವೆ ಸ್ವಲ್ಪ ಲೆಕ್ಕ ಬರುತ್ತದೆ. ಕಿರಾಣಿ ಅಂಗಡಿಯ ಲೆಕ್ಕಕ್ಕಿಂತ ಕಷ್ಟದ್ದಲ್ಲ, ಹೆದರಬೇಡಿ :-)

ಏಳು ಬಿಟ್‌ಗಳ ದಾರಿ

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು ಎಂಬುದು ನಿಮಗೆ ತಿಳಿದೇ ಇದೆ. ಹಾಗಾಗಿ ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಒಂದು ಪಟ್ಟಿ ಮಾಡಿಕೊಳ್ಳಬೇಕು. ಅಮೆರಿಕದಲ್ಲಿ 1963ರಲ್ಲಿ ಹೊರಬಂದ ಆಸ್ಕಿ ಅಂಥದ್ದೊಂದು ಪಟ್ಟಿ. ಅದು ಏಳು ಬಿಟ್‌ಗಳದ್ದು. ಅಂದರೆ 0ಯಿಂದ 127ರವರೆಗೆ ಒಟ್ಟು 128 ಮನೆಗಳು. ಅವುಗಳಲ್ಲಿ 33 ಮನೆಗಳು 'ಸಾಲು ಮುಗಿಯಿತು', 'ಗಂಟೆ ಬಾರಿಸು', 'ರವಾನೆ ಮುಗಿಯಿತು' ಎಂಬಂಥ ಕಣ್ಣಿಗೆ ಕಾಣದ ಆಜ್ಞೆಗಳಿಗೆ ಮೀಸಲು. ಉಳಿದ 95ರಲ್ಲಿ ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಚಿಹ್ನೆಗಳು, ಜೊತೆಗೆ ಒಂದು ಖಾಲಿ ಜಾಗ. ಇಂಗ್ಲಿಷ್ ಬರೆಯುವವರಿಗೆ ಇಷ್ಟು ಧಾರಾಳ ಸಾಕು.

ಆದರೆ ಗಣಕದ ಒಳಗೆ ಲೆಕ್ಕ ನಡೆಯುವುದು ಎಂಟೆಂಟು ಬಿಟ್‌ಗಳ ಬೈಟ್‌ಗಳಲ್ಲಿ. ಒಂದು ಬೈಟ್‌ನಲ್ಲಿ 0ಯಿಂದ 255ರವರೆಗೆ ಯಾವ ಸಂಖ್ಯೆ ಬೇಕಾದರೂ ಇರಬಹುದು. ಚಿತ್ರ, ಹಾಡು, ತಂತ್ರಾಂಶ ಇವೆಲ್ಲ ಹೀಗೆ ಪೂರ್ತಿ ತುಂಬಿದ ಬೈಟ್‌ಗಳು. ಇ-ಮೇಲ್ ಸಾಗುವ ದಾರಿ ಮಾತ್ರ ಏಳು ಬಿಟ್ ಅಗಲದ್ದೇ ಆಗಿತ್ತು. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ಎಂಬ ಅಂಚೆಯ ಕಟ್ಟಳೆ ಇದನ್ನು ಬಾಯಿಬಿಟ್ಟೇ ಹೇಳಿತು: ಕಾಗದದೊಳಗೆ ಇರಬೇಕಾದದ್ದು ಏಳು ಬಿಟ್‌ಗಳ ಆಸ್ಕಿ, ಎಂಟನೆಯ ಬಿಟ್ ಸೊನ್ನೆ ಆಗಿರಬೇಕು, ಒಂದು ಸಾಲು ಸಾವಿರ ಅಕ್ಷರ ದಾಟಬಾರದು.

ಇದರಿಂದ ಏನಾಗುತ್ತದೆ? ನಮ್ಮ 'ಕ'ವನ್ನೇ ತೆಗೆದುಕೊಳ್ಳಿ. ಇವತ್ತಿನ ಯೂನಿಕೋಡ್ ಪದ್ಧತಿಯಲ್ಲಿ ಅದನ್ನು ಬರೆಯಲು ಮೂರು ಬೈಟ್ ಬೇಕು: 224, 178, 149. ಮೂರೂ 127ಕ್ಕಿಂತ ದೊಡ್ಡವು. ಇದನ್ನು ಆ ಹಳೆಯ ದಾರಿಗೆ ಹಾಗೇ ಬಿಟ್ಟರೆ ಪ್ರತಿಯೊಂದರ ಎಂಟನೆಯ ಬಿಟ್ ಕತ್ತರಿಸಿಹೋಗುತ್ತದೆ. ಅಂದರೆ 128ನ್ನು ಕಳೆದ ಹಾಗೆ. ಉಳಿಯುವುದು 96, 50, 21. ಆಸ್ಕಿ ಪಟ್ಟಿಯಲ್ಲಿ ಇವುಗಳ ಅರ್ಥ ಒಂದು ತಿರುಗಿದ ಉದ್ಧರಣ ಚಿಹ್ನೆ, '2' ಎಂಬ ಅಂಕಿ, ಮತ್ತೊಂದು ಕಾಣದ ಆಜ್ಞೆ. 'ಕ' ಹೋಗಿ '2' ಬಂತು! ಅದು ಮೊದಲಿನಿಂದಲೂ 2 ಆಗಿತ್ತೋ, ಕನ್ನಡದ ಅಕ್ಷರವಾಗಿತ್ತೋ ಎಂದು ಆ ತುದಿಯಲ್ಲಿ ಕೂತವರು ಹೇಳುವಂತಿಲ್ಲ. ಹೋದದ್ದು ಹೋಯಿತು.

ಎರಡೇ ಉಪಾಯ ಉಳಿಯುತ್ತವೆ. ದಾರಿಯನ್ನು ಅಗೆದು ಅಗಲ ಮಾಡಬೇಕು, ಇಲ್ಲವೇ ಆ ದಾರಿಯಲ್ಲಿ ಹಿಡಿಸುವ ಹಾಗೆ ಸಾಮಾನನ್ನು ಮತ್ತೆ ಕಟ್ಟಬೇಕು.

ಚೀಲದ ಲೆಕ್ಕ

ಸಾಮಾನು ಕಟ್ಟುವ ತೀರಾ ಸರಳ ವಿಧಾನ ಹೀಗಿದೆ. ಒಂದು ಬೈಟನ್ನು ನಾಲ್ಕು ಬಿಟ್‌ಗಳ ಎರಡು ಹೋಳು ಮಾಡಿ, ಒಂದೊಂದು ಹೋಳನ್ನೂ 0ಯಿಂದ 9 ಮತ್ತು ಎ ಇಂದ ಎಫ್‌ವರೆಗಿನ 16 ಅಕ್ಷರಗಳಲ್ಲಿ ಒಂದರಿಂದ ಬರೆಯುವುದು. ಮೈಕ್ರೋಪ್ರೊಸೆಸರುಗಳು ಹೊಸದಾಗಿ ಬಂದ 1970ರ ದಶಕದಲ್ಲಿ ಕಾಗದದ ಪಟ್ಟಿಗಳಲ್ಲಿ ತೂತು ಕೊರೆದು ತಂತ್ರಾಂಶ ಸಾಗಿಸಲು ಇಂಟೆಲ್ ಇದೇ ಕ್ರಮ ಬಳಸಿತು. ಆದರೆ ಇದರಲ್ಲಿ ಸಾಮಾನು ಎರಡರಷ್ಟಾಗುತ್ತದೆ. ಸೆಕೆಂಡಿಗೆ 300 ಬಿಟ್ ವೇಗದ ಮೋಡೆಮ್ ಇದ್ದ ಕಾಲ ಅದು. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 30,000 ಬೈಟ್‌ನ ಪುಟ್ಟ ಕಡತ ಹಾಗೇ ಹೋದರೆ ಹದಿನೇಳು ನಿಮಿಷ. ಎರಡರಷ್ಟಾದರೆ ಮೂವತ್ತಮೂರು ನಿಮಿಷ. ದೂರವಾಣಿಯ ಬಿಲ್ಲು ಬೇರೆ ಏರುತ್ತಿರುತ್ತದೆ!

1980ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಮೇರಿ ಆನ್ ಹಾರ್ಟನ್ ಇದಕ್ಕಿಂತ ಜಾಣತನದ ದಾರಿ ಹಿಡಿದರು. ಯೂನಿಕ್ಸ್ ಗಣಕಗಳು ರಾತ್ರಿ ಹೊತ್ತು ಒಂದಕ್ಕೊಂದು ಫೋನ್ ಮಾಡಿಕೊಂಡು ಕಡತ, ಕಾಗದಗಳನ್ನು ಸಾಗಿಸುತ್ತಿದ್ದ ಯುಯುಸಿಪಿ ಎಂಬ ವ್ಯವಸ್ಥೆ ಆಗ ಬಳಕೆಯಲ್ಲಿತ್ತು. ಅದರ ಹೆಸರನ್ನೇ ಹಿಡಿದು ಅವರು ಬರೆದ ತಂತ್ರಾಂಶದ ಹೆಸರು ಯುಯುಎನ್‌ಕೋಡ್.

ಅದರ ಗುಟ್ಟು ಇಷ್ಟೇ. ನಿಮ್ಮ ಹತ್ತಿರ ಎಂಟೆಂಟು ಸೇರು ಅಕ್ಕಿಯ ಮೂರು ಚೀಲ ಇವೆ ಎಂದಿಟ್ಟುಕೊಳ್ಳಿ. ಬಾಗಿಲು ಚಿಕ್ಕದು, ಆರು ಸೇರಿಗಿಂತ ದೊಡ್ಡ ಚೀಲ ಒಳಗೆ ಹೋಗುವುದಿಲ್ಲ. ಏನು ಮಾಡುತ್ತೀರಿ? ಒಟ್ಟು 24 ಸೇರನ್ನು ಸುರಿದು ಆರಾರು ಸೇರಿನ ನಾಲ್ಕು ಚೀಲಗಳಿಗೆ ತುಂಬುತ್ತೀರಿ. ಒಂದು ಕಾಳೂ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಚೀಲ ಮಾತ್ರ ಒಂದು ಹೆಚ್ಚಾಯಿತು. ಎಂಟು ಬಿಟ್‌ಗಳ ಮೂರು ಬೈಟನ್ನು ಆರು ಬಿಟ್‌ಗಳ ನಾಲ್ಕು ತುಂಡು ಮಾಡುವುದೂ ಹೀಗೆಯೇ. ಆರು ಬಿಟ್ ಎಂದರೆ 0ಯಿಂದ 63ರವರೆಗಿನ ಸಂಖ್ಯೆ, ಅಂದರೆ 64 ಸಾಧ್ಯತೆಗಳು. ಆಸ್ಕಿಯಲ್ಲಿ ಕಣ್ಣಿಗೆ ಕಾಣುವ 95 ಗುರುತುಗಳಿವೆಯಲ್ಲ, ಅದರಲ್ಲಿ 64 ಆರಿಸಿಕೊಂಡರೆ ಕೆಲಸ ಆಯಿತು. ಖರ್ಚು ಎರಡರಷ್ಟಲ್ಲ, ಮೂರನೇ ಒಂದು ಭಾಗ ಹೆಚ್ಚು.

ಹಾರ್ಟನ್ ಅವರು ಆರಿಸಿದ ರೀತಿಯೂ ಸರಳ. ಆಸ್ಕಿಯಲ್ಲಿ ಕಾಣುವ ಗುರುತುಗಳು ಶುರುವಾಗುವುದು 32ರಿಂದ. ಹಾಗಾಗಿ ಪ್ರತಿ ಸಂಖ್ಯೆಗೂ 32 ಕೂಡಿಸಿಬಿಡುವುದು. ನಮ್ಮ 'ಕ'ದ 224, 178, 149 ಎಂಬ ಮೂರು ಬೈಟ್‌ಗಳನ್ನು ಆರಾರು ಬಿಟ್ ಮಾಡಿದರೆ 56, 11, 10, 21 ಸಿಗುತ್ತದೆ. 32 ಕೂಡಿಸಿದರೆ 88, 43, 42, 53. ಅಂದರೆ ದೊಡ್ಡ ಎಕ್ಸ್, ಕೂಡುವ ಚಿಹ್ನೆ, ನಕ್ಷತ್ರ ಚಿಹ್ನೆ, ಅಂಕಿ 5. ನಾಲ್ಕೂ ಸಭ್ಯ ಆಸ್ಕಿ ಪ್ರಜೆಗಳು. ಆ ತುದಿಯಲ್ಲಿ 32 ಕಳೆದು, ಚೀಲ ಬಿಚ್ಚಿ ಮತ್ತೆ ಮೂರಕ್ಕೆ ತುಂಬಿದರೆ 'ಕ' ಹಾಗೇ ಸಿಗುತ್ತದೆ.

ಪ್ರತಿ ಸಾಲಿನ ಮೊದಲಲ್ಲಿ ಆ ಸಾಲಿನಲ್ಲಿ ಎಷ್ಟು ಬೈಟ್ ಇದೆ ಎಂಬ ಲೆಕ್ಕವೂ ಇರುತ್ತಿತ್ತು. ತುಂಬಿದ ಸಾಲಿಗೆ 45 ಬೈಟ್. ಅದಕ್ಕೂ 32 ಕೂಡಿಸಿದರೆ 77, ಅಂದರೆ ಎಂ. ಅದಕ್ಕೇ ಯುಯುಎನ್‌ಕೋಡ್ ಆದ ಕಡತದ ಎಡ ಅಂಚಿನಲ್ಲಿ ಮೇಲಿಂದ ಕೆಳಗೆ ಎಂ, ಎಂ, ಎಂ ಎಂದು ಕಂಬ ನಿಲ್ಲಿಸಿದ ಹಾಗೆ ಕಾಣುತ್ತದೆ. ಯೂಸ್‌ನೆಟ್ ಸುದ್ದಿಗುಂಪುಗಳಲ್ಲಿ ಚಿತ್ರ, ತಂತ್ರಾಂಶಗಳೆಲ್ಲ ಈ ವೇಷದಲ್ಲೇ ಓಡಾಡಿದವು. ದೊಡ್ಡ ಕಡತವಾದರೆ ಹತ್ತಿಪ್ಪತ್ತು ತುಂಡುಗಳಲ್ಲಿ ಬರುತ್ತಿತ್ತು. ಓದುಗರೇ ಅವನ್ನು ಒಂದೊಂದಾಗಿ ಉಳಿಸಿಕೊಂಡು, ತಲೆಬರಹಗಳನ್ನು ಕತ್ತರಿಸಿ, ಕ್ರಮವಾಗಿ ಜೋಡಿಸಿ ಬಿಚ್ಚಬೇಕಿತ್ತು. ಏಳನೆಯ ತುಂಡು ಬಾರದೇ ಹೋದರೆ ಶ್ರಮವೆಲ್ಲ ನೀರಲ್ಲಿ ಹೋಮ.

ಎಲ್ಲ ಊರಲ್ಲೂ ನಡೆಯುವ ನಾಣ್ಯ

ಯುಯುಎನ್‌ಕೋಡಿಗೆ ದಾರಿಯಲ್ಲಿ ಕಾಟ ತಪ್ಪಲಿಲ್ಲ. ಮೊದಲನೆಯದು ಖಾಲಿ ಜಾಗದ ಕಾಟ. ಸೊನ್ನೆಗೆ 32 ಕೂಡಿಸಿದರೆ ಸಿಗುವುದು ಖಾಲಿ ಜಾಗ. ಸಾಲಿನ ಕೊನೆಯ ಖಾಲಿ ಜಾಗವನ್ನು ಕಸ ಎಂದುಕೊಂಡು ಗುಡಿಸಿ ಹಾಕುವ ತಂತ್ರಾಂಶಗಳು ಬೇಕಾದಷ್ಟಿದ್ದವು. ಅವು ಗುಡಿಸಿದ್ದು ಯಾರದೋ ಚಿತ್ರದ ಚೂರನ್ನು! ಆಮೇಲೆ ಸೊನ್ನೆಗೆ ತಿರುಗಿದ ಉದ್ಧರಣ ಚಿಹ್ನೆಯನ್ನು ಬಳಸಲು ಶುರುಮಾಡಿದರು.

ಎರಡನೆಯದು ಇನ್ನೂ ದೊಡ್ಡದು. ಜಗತ್ತೆಲ್ಲ ಆಸ್ಕಿಯನ್ನೇ ಬಳಸುತ್ತಿರಲಿಲ್ಲ. ಐಬಿಎಂನ ದೊಡ್ಡ ಗಣಕಗಳಿಗೆ ಎಬ್ಸಿಡಿಕ್ ಎಂಬ ಬೇರೆಯದೇ ಪಟ್ಟಿ. 1981ರಲ್ಲಿ ಶುರುವಾದ ಬಿಟ್‌ನೆಟ್ ಎಂಬ ವಿಶ್ವವಿದ್ಯಾಲಯಗಳ ಜಾಲ ಬಹುಮಟ್ಟಿಗೆ ಇಂಥ ಗಣಕಗಳದ್ದು. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಅನುವಾದಿಸುವ ಗಡಿಚೌಕಿಗಳಲ್ಲಿ ಚೌಕ ಆವರಣದಂಥ ಕೆಲವು ಗುರುತುಗಳು ಬೇರೇನೋ ಆಗಿ ಹೊರಬರುತ್ತಿದ್ದವು. ಇನ್ನು ಯುರೋಪಿನ ದೇಶಗಳು ಆಸ್ಕಿಯನ್ನೇ ತಮ್ಮ ಭಾಷೆಗೆ ತಕ್ಕಂತೆ ತಿದ್ದಿಕೊಂಡಿದ್ದವು. ಸ್ವೀಡನ್ನಿನವರು ಆವರಣ ಚಿಹ್ನೆಗಳ ಮನೆಗಳಲ್ಲಿ ತಮ್ಮ ಮೂರು ವಿಶೇಷ ಸ್ವರಗಳನ್ನು ಕೂರಿಸಿದ್ದರು. ಅಲ್ಲಿಯ ಪರದೆಗಳಲ್ಲಿ ಸಿ ಭಾಷೆಯ ಪ್ರೋಗ್ರಾಮಿನ ಆವರಣಗಳ ಬದಲು ಸ್ವೀಡಿಷ್ ಅಕ್ಷರಗಳೇ ಕಾಣುತ್ತಿದ್ದವು. ಪಾಪ, ಅವರದ್ದೂ ನಮ್ಮಂಥದ್ದೇ ಪಾಡು.

ಹಾಗಾದರೆ ಎಲ್ಲ ಊರಲ್ಲೂ ನಡೆಯುವ ನಾಣ್ಯ ಯಾವುದು? ಇಂಗ್ಲಿಷಿನ 26 ದೊಡ್ಡ ಅಕ್ಷರ, 26 ಸಣ್ಣ ಅಕ್ಷರ, 10 ಅಂಕಿ. ಒಟ್ಟು 62. ಇನ್ನೆರಡು ಬೇಕು: ಕೂಡುವ ಚಿಹ್ನೆ ಮತ್ತು ಓರೆಗೆರೆ. 64 ಭರ್ತಿ! ಈ ಆಯ್ಕೆ ಮೊದಲು ಕಾಣಿಸಿದ್ದು 1987ರ ಫೆಬ್ರವರಿಯಲ್ಲಿ ಜಾನ್ ಲಿನ್ ಬರೆದ ಪಿಇಎಂ ಕರಡಿನಲ್ಲಿ. ಅದು ಇ-ಮೇಲನ್ನು ಗೂಢಲಿಪೀಕರಿಸುವ ಯೋಜನೆ. ಗೂಢಲಿಪಿಯ ಗಣಿತದಿಂದ ಹೊರಬರುವುದೂ ಪೂರ್ತಿ ತುಂಬಿದ ಬೈಟ್‌ಗಳೇ ತಾನೆ? ಅದನ್ನೂ ಅದೇ ಸಣ್ಣ ಬಾಗಿಲಿನಲ್ಲಿ ದಾಟಿಸಬೇಕಿತ್ತು.

ಆ ಯೋಜನೆ ಹೆಚ್ಚು ದಿನ ನಡೆಯಲಿಲ್ಲ. ಅದರ ಚೀಲ ಮಾತ್ರ ಉಳಿಯಿತು. 1992ರಲ್ಲಿ ಬೆಲ್‌ಕೋರ್ ಸಂಸ್ಥೆಯ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಇ-ಮೇಲಿಗೆ ಚಿತ್ರ, ಧ್ವನಿ, ಬೇರೆ ಭಾಷೆಗಳನ್ನೆಲ್ಲ ಸೇರಿಸುವ ಮೈಮ್ ಎಂಬ ಕಟ್ಟಳೆ ರೂಪಿಸಿದಾಗ ಇದನ್ನೇ ತೆಗೆದುಕೊಂಡು ಬೇಸ್64 ಎಂದು ಹೆಸರಿಟ್ಟರು. ಆ ವರ್ಷ ಮಾರ್ಚ್ 11ರಂದು ಬೋರೆನ್‌ಸ್ಟೈನ್ ಕಳಿಸಿದ ಮೈಮ್ ಕಾಗದದಲ್ಲಿ ಅವರ ನಾಲ್ವರ ಹಾಡುಗಾರ ತಂಡದ ಫೋಟೋ ಇತ್ತು, ಜೊತೆಗೆ ಅವರು ಹಾಡಿದ ಹಾಡೂ ಇತ್ತು. ಜೂನ್‌ನಲ್ಲಿ ಕಟ್ಟಳೆ ಪ್ರಕಟವಾಯಿತು. ಈ 64 ಗುರುತುಗಳನ್ನೇ ಯಾಕೆ ಆರಿಸಿದ್ದು ಎನ್ನುವುದಕ್ಕೆ ಅದರಲ್ಲಿ ಕೊಟ್ಟ ಕಾರಣವೂ ಇದೇ: ಆಸ್ಕಿಯ ಎಲ್ಲ ದೇಶಗಳ ರೂಪಗಳಲ್ಲೂ, ಎಬ್ಸಿಡಿಕ್‌ನ ಎಲ್ಲ ರೂಪಗಳಲ್ಲೂ ಇವು ಬದಲಾಗದೆ ಉಳಿಯುತ್ತವೆ.

ಅದೇ ಕಾಲದಲ್ಲಿ, ಇಷ್ಟೆಲ್ಲ ಯಾಕೆ, ಎಂಟು ಬಿಟ್ ಹಾಗೇ ಕಳಿಸಿಬಿಡೋಣ ಎನ್ನುವವರೂ ಇದ್ದರು. ಮಾತು ನ್ಯಾಯವಾದದ್ದೇ. ಅದಕ್ಕೆಂದೇ 1993ರ ಫೆಬ್ರವರಿಯಲ್ಲಿ ಎಸ್‌ಎಂಟಿಪಿಗೆ ಒಂದು ವಿಸ್ತರಣೆಯೂ ಬಂತು. ಆದರೆ ಕಾಗದ ಹಾದುಹೋಗುವ ಪ್ರತಿ ಅಂಚೆ ಗಣಕವೂ ಅದನ್ನು ಒಪ್ಪಿಕೊಂಡಿರಬೇಕು. ನಡುವೆ ಎಲ್ಲೋ ಒಂದು ಹಳೆಯ ಗಣಕ ಇದ್ದರೂ ಕೆಟ್ಟಿತು. ಬೇಸ್64ಗೆ ಆ ಹಂಗಿಲ್ಲ. ಕಳಿಸುವವರು, ಪಡೆಯುವವರು ಇಬ್ಬರಿಗೆ ಗೊತ್ತಿದ್ದರೆ ಸಾಕು. ನಡುವಿನ ಒಬ್ಬ ಅಂಚೆಯಣ್ಣನ ಅನುಮತಿಯೂ ಬೇಕಿಲ್ಲ. ಅವನಿಗೆ ಅದು ಇಂಗ್ಲಿಷ್ ಅಕ್ಷರಗಳ ಮಾಮೂಲಿ ಕಾಗದ. ನನ್ನ ಪ್ರಕಾರ ಈ ಇಡೀ ಕಥೆಯ ತಿರುಳು ಇದೇ.

ಅಂದಹಾಗೆ, ಹಳೆಯ ಯುಯುಎನ್‌ಕೋಡಿನಿಂದ ಒಂದು ತಮಾಷೆಯೂ ಹುಟ್ಟಿತು. ಅದರ ಕಡತ ಶುರುವಾಗುವುದು 'ಬಿಗಿನ್' ಎಂಬ ಪದದಿಂದ. ಔಟ್‌ಲುಕ್ ಎಕ್ಸ್‌ಪ್ರೆಸ್ ತಂತ್ರಾಂಶ ಬಳಕೆಯಲ್ಲಿದ್ದಾಗ, ಯಾರಾದರೂ ಒಂದು ಸಾಲನ್ನು ಬಿಗಿನ್ ಎಂದು ಶುರುಮಾಡಿ ಎರಡು ಸ್ಪೇಸ್ ಬಿಟ್ಟರೆ ಅದು ಮುಂದಿನದ್ದನ್ನೆಲ್ಲ ಲಗತ್ತು ಎಂದು ತಿಳಿದು ಕಾಗದದಿಂದ ಮಾಯ ಮಾಡುತ್ತಿತ್ತು! ಆ ಪದದ ಬದಲು ಸ್ಟಾರ್ಟ್ ಅಥವಾ ಕಮೆನ್ಸ್ ಎಂದು ಬರೆಯಿರಿ ಎಂಬುದು ಮೈಕ್ರೋಸಾಫ್ಟ್ ಕೊಟ್ಟ ಸಲಹೆಗಳಲ್ಲಿ ಒಂದು. ತಂತ್ರಾಂಶವನ್ನು ತಿದ್ದುವ ಬದಲು ಇಂಗ್ಲಿಷನ್ನೇ ತಿದ್ದುವುದು :-)

ಕನ್ನಡದ ಗಂಟು

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ರೂಪಿಸಿದರು. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಸರಿಯಾಗಿ ಮೂರು ಬೈಟ್. ಬೇಸ್64 ಒಂದು ಸಲಕ್ಕೆ ಕಟ್ಟುವುದೂ ಮೂರೇ ಬೈಟ್! ಯಾರೂ ನಮಗಾಗಿ ಹೀಗೆ ಹೊಂದಿಸಿದ್ದಲ್ಲ, ತಾನಾಗಿ ಕೂಡಿಬಂದದ್ದು. ಹಾಗಾಗಿ ಕನ್ನಡದ ಒಂದೊಂದು ಸಂಕೇತವೂ ಬೇಸ್64ನಲ್ಲಿ ಸರಿಯಾಗಿ ನಾಲ್ಕು ಗುರುತು ಆಗುತ್ತದೆ.

'ಕ'ದ ಆ 56, 11, 10, 21ನ್ನೇ ಬೇಸ್64 ಪಟ್ಟಿಯಲ್ಲಿ ನೋಡಿದರೆ ಸಿಗುವುದು 4, ದೊಡ್ಡ ಎಲ್, ದೊಡ್ಡ ಕೆ, ದೊಡ್ಡ ವಿ. 'ಕನ್ನಡ' ಎಂಬ ಪದದಲ್ಲಿ ಗಣಕದ ಪ್ರಕಾರ ಇರುವುದು ಕ, ನ, ಹಲಂತ, ನ, ಡ ಎಂಬ ಐದು ಸಂಕೇತಗಳು. 15 ಬೈಟ್, ಬೇಸ್64ನಲ್ಲಿ 20 ಗುರುತು. 'ನ' ಎಂದರೆ 4, ಎಲ್, ಕೆ, ಸಣ್ಣ ಓ. 'ಡ' ಎಂದರೆ 4, ಎಲ್, ಕೆ, ಸಣ್ಣ ಎಚ್. ಹಲಂತ ಮಾತ್ರ 4, ಎಲ್, ದೊಡ್ಡ ಓ, ದೊಡ್ಡ ಎನ್. ಗಮನಿಸಿದಿರಾ? ಕನ್ನಡದ ಯಾವ ಸಂಕೇತವಾದರೂ ಮೊದಲ ಮೂರು ಗುರುತು '4 ಎಲ್ ಕೆ' ಇಲ್ಲವೇ '4 ಎಲ್ ಓ'. ನಮ್ಮ ಸೋದರ ಲಿಪಿ ತೆಲುಗಾದರೆ ಮೂರನೆಯದು ಸಿ ಅಥವಾ ಜಿ. ನಡುವೆ ಒಂದು ಸ್ಪೇಸ್ ಬಂದರೆ ಅದು ಒಂದೇ ಬೈಟ್ ಆದ್ದರಿಂದ ಹೊಂದಿಕೆ ತಪ್ಪಿ ವೇಷ ಬದಲಾಗುತ್ತದೆ, ಮೂರು ಸ್ಪೇಸ್ ದಾಟಿದ ಮೇಲೆ ಮತ್ತೆ ಅದೇ ಸಾಲು ಶುರು.

ಮೈಮ್‌ನಲ್ಲಿ ಇನ್ನೊಂದು ಕ್ರಮವೂ ಇದೆ, ಕೋಟೆಡ್ ಪ್ರಿಂಟಬಲ್ ಎಂದು. ಆಸ್ಕಿ ಅಕ್ಷರಗಳನ್ನು ಹಾಗೇ ಬಿಟ್ಟು, ಉಳಿದ ಪ್ರತಿ ಬೈಟಿಗೂ ಸಮ ಚಿಹ್ನೆಯ ಜೊತೆ ಎರಡು ಗುರುತು ಬರೆಯುವುದು. ಫ್ರೆಂಚಿನಂಥ ಭಾಷೆಗೆ ಅದು ಚೆನ್ನ, ಅಲ್ಲೊಂದು ಇಲ್ಲೊಂದು ಅಕ್ಷರಕ್ಕೆ ಮಾತ್ರ ಖರ್ಚು. ಕನ್ನಡಕ್ಕೆ ಪ್ರತಿ ಸಂಕೇತಕ್ಕೂ ಒಂಬತ್ತು ಗುರುತು. ವಿಳಾಸಗಳಲ್ಲಿ ಕಾಣುವ ಶೇಕಡಾ ಚಿಹ್ನೆಯ ಕ್ರಮವೂ ಅದರ ತಮ್ಮನೇ. 'ಕನ್ನಡ' ಎಂದು ಬರೆಯಲು ಅಲ್ಲಿ 45 ಗುರುತು! ಇಂಗ್ಲಿಷಿನವರು ಒಂದು ಅಕ್ಷರಕ್ಕೆ ಒಂದೇ ಬೈಟ್ ಕೊಟ್ಟು ಹೋಗುವ ರಸ್ತೆಯಲ್ಲಿ ನಾವು ನಾಲ್ಕೋ ಒಂಬತ್ತೋ ಸುಂಕ ಕಟ್ಟುತ್ತೇವೆ.

ಇದೆಲ್ಲ ಗೊತ್ತಿಲ್ಲದೆಯೇ ಕನ್ನಡಿಗರು ತಮ್ಮದೇ ವೇಷವನ್ನೂ ಹೊಲಿದುಕೊಂಡಿದ್ದರು. ಸಣ್ಣ ಎಲ್ ಹಾಕಿದರೆ ಲ, ದೊಡ್ಡ ಎಲ್ ಹಾಕಿದರೆ ಳ. ಸಣ್ಣ ಎನ್ ನ, ದೊಡ್ಡ ಎನ್ ಣ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂದಾಗ ಎಷ್ಟೋ ಜನ ಕನ್ನಡ ಟೈಪಿಸಲು ಕಲಿತದ್ದು ಇಂಥ ಲಿಪ್ಯಂತರದಿಂದಲೇ. ಸಣ್ಣ, ದೊಡ್ಡ ಅಕ್ಷರಗಳನ್ನು ಬೇರೆ ಬೇರೆ ಎಂದು ಎಣಿಸಿ, ಎಲ್ಲೆಡೆ ನಡೆಯುವ ಇಂಗ್ಲಿಷ್ ನಾಣ್ಯದಲ್ಲಿ ನಮ್ಮ ಸಾಮಾನು ಕಟ್ಟುವ ಉಪಾಯ. ಬೇಸ್64ರ ಉಪಾಯವೂ ಅದೇ ಅಲ್ಲವೇ?

ಒಂದು ಮಾತು ಮಾತ್ರ ಮರೆಯಬಾರದು. ಚೀಲ ಕಾಯುವುದು ಕಾಳನ್ನು, ಅದು ಯಾವ ಧಾನ್ಯ ಎಂಬ ತಿಳಿವನ್ನಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ಫಾಂಟಿಗೆ ಒಂದೊಂದು ಸಂಕೇತ ಪಟ್ಟಿ ಇಟ್ಟುಕೊಂಡು ಬರೆದ ಕನ್ನಡದ ಕಾಗದಗಳೂ ಮೈಮ್ ಚೀಲದಲ್ಲಿ ಸುರಕ್ಷಿತವಾಗಿಯೇ ಬಂದವು. ಬಿಚ್ಚಿದರೆ ಒಂದು ಬೈಟೂ ಕಳೆದಿರುವುದಿಲ್ಲ. ಆದರೆ ಆ ಫಾಂಟ್ ಇಲ್ಲದಿದ್ದರೆ ಕಾಣುವುದು ಟೋಪಿ ಹಾಕಿದ, ಚುಕ್ಕಿ ಇಟ್ಟ ಯುರೋಪಿನ ಅಕ್ಷರಗಳ ಜಾತ್ರೆ. ಮೈಮ್‌ನ ದೊಡ್ಡ ಕೊಡುಗೆ ಚೀಲವಷ್ಟೇ ಅಲ್ಲ, ಚೀಲದ ಮೇಲಿನ ಚೀಟಿ: ಒಳಗಿರುವುದು ಯಾವ ಲಿಪಿಸಂಕೇತ, ಕಟ್ಟಿದ್ದು ಹೇಗೆ ಎಂದು ಹೇಳುವ ಎರಡು ಸಾಲು. ಆ ಚೀಟಿಯಲ್ಲಿ ಬರೆಯಲು ಎಲ್ಲರೂ ಒಪ್ಪಿದ ಒಂದು ಹೆಸರು ಕನ್ನಡಕ್ಕೆ ಸಿಕ್ಕಿದ್ದು ಯೂನಿಕೋಡಿನಿಂದ. ನಿಮ್ಮ ಹತ್ತಿರ ಅಂಥ ಹಳೆಯ ಫಾಂಟಿನ ಬರಹಗಳಿದ್ದರೆ, ಪರಿವರ್ತಕ ತಂತ್ರಾಂಶಗಳು ಸಿಗುತ್ತಿರುವಾಗಲೇ ಯೂನಿಕೋಡಿಗೆ ಬದಲಿಸಿ ಇಟ್ಟುಕೊಳ್ಳಿ.

ದಾರಿ ಅಗಲವಾದ ಮೇಲೂ

ಇನ್ನೂ ಕಡಿಮೆ ಖರ್ಚಿನ ಚೀಲಗಳೂ ಬಂದವು. ನಾಲ್ಕು ಬೈಟನ್ನು ಐದು ಗುರುತು ಮಾಡುವ ಆಸ್ಕಿ85 ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಡಿಎಫ್ ಕಡತಗಳಲ್ಲಿ ಜಾಗ ಪಡೆಯಿತು. 85ನ್ನು ಐದು ಸಲ ಗುಣಿಸಿದರೆ 443 ಕೋಟಿ ದಾಟುತ್ತದೆ, ನಾಲ್ಕು ಬೈಟ್‌ಗಳ ಸಾಧ್ಯತೆ 429 ಕೋಟಿ ಚಿಲ್ಲರೆ. 84 ಆದರೆ ಸಾಲುವುದಿಲ್ಲ, ಅದಕ್ಕೇ 85. ಯೂಸ್‌ನೆಟ್ಟಿಗೆಂದು 2001ರಲ್ಲಿ ಯೂರ್ಗೆನ್ ಹೆಲ್ಬಿಂಗ್ ಮಾಡಿದ ವೈಎನ್ಕ್ ಎಂಟು ಬಿಟ್‌ಗಳ ದಾರಿಯನ್ನೇ ನಂಬಿ ಹೆಚ್ಚುವರಿ ಖರ್ಚನ್ನು ಶೇಕಡಾ ಒಂದೆರಡಕ್ಕೆ ಇಳಿಸಿತು. 2012ರಲ್ಲಿ ಇ-ಮೇಲ್ ವಿಳಾಸವೇ ನಮ್ಮ ಲಿಪಿಯಲ್ಲಿರಬಹುದು ಎಂಬ ಕಟ್ಟಳೆಯೂ ಬಂತು.

ಆದರೂ ಬೇಸ್64 ಹೋಗಲಿಲ್ಲ, ಬದಲಿಗೆ ಹಬ್ಬಿತು. ಅಕ್ಷರ ಮಾತ್ರ ಒಪ್ಪುವ ಜಾಗಗಳು ಜಾಲದಲ್ಲಿ ಹೊಸದಾಗಿ ಹುಟ್ಟುತ್ತಲೇ ಇವೆ. ಪುಟದೊಳಗೇ ಪುಟ್ಟ ಚಿತ್ರ ತುರುಕಲು 1998ರಿಂದ ಒಂದು ಕಟ್ಟಳೆ ಇದೆ. ಜೇಸನ್ ಸಂದೇಶಗಳ ಒಳಗೆ ಚಿತ್ರ ಕಳಿಸಬೇಕಾದರೂ ಇದೇ ಗತಿ. ಕೂಡುವ ಚಿಹ್ನೆ ಮತ್ತು ಓರೆಗೆರೆಗಳಿಗೆ ಜಾಲವಿಳಾಸದಲ್ಲಿ ಬೇರೆ ಅರ್ಥ ಇರುವುದರಿಂದ ಅವುಗಳ ಬದಲು ಅಡ್ಡಗೆರೆ, ಅಡಿಗೆರೆ ಬಳಸುವ ರೂಪವನ್ನು 2006ರ ಕಟ್ಟಳೆ ಸೇರಿಸಿಕೊಂಡಿತು. ಯೂಟ್ಯೂಬ್ ವೀಡಿಯೊಗಳ ಹನ್ನೊಂದು ಗುರುತಿನ ಹೆಸರುಗಳಲ್ಲಿ ಕಾಣುವುದು ಈ 64ನ್ನೇ. ಕನ್ನಡ ಲಿಪಿಯ '.ಭಾರತ' ಎಂಬ ಜಾಲನಾಮವೂ ಒಳಗೊಳಗೆ 'ಎಕ್ಸ್ ಎನ್ - - 2 ಎಸ್ ಸಿ ಆರ್ ಜೆ 9 ಸಿ' ಎಂಬ ವೇಷದಲ್ಲೇ ಓಡಾಡುವುದು. ಅದು 2003ರ ಪ್ಯುನಿಕೋಡ್ ಎಂಬ ಇನ್ನೊಂದು ಕ್ರಮ.

ಒಂದು ಎಚ್ಚರಿಕೆ: ಬೇಸ್64 ಬೀಗ ಅಲ್ಲ, ಗಾಜಿನ ಡಬ್ಬಿ. ಓದಲು ಬಾರದ ಹಾಗೆ ಕಾಣುತ್ತದೆ ಎಂದು ಗುಪ್ತಪದವನ್ನು ಅದರಲ್ಲಿ ಕಟ್ಟಿಟ್ಟು ನೆಮ್ಮದಿಯಾಗಿ ಮಲಗುವವರಿದ್ದಾರೆ. ಬಿಚ್ಚಲು ಯಾವ ಕೀಲಿಯೂ ಬೇಡ, ಪಟ್ಟಿ ಜಗತ್ತಿಗೇ ಗೊತ್ತು.

ದಾರಿಯನ್ನು ಕಟ್ಟಿದವರು ಕನ್ನಡವನ್ನು ನೆನೆದಿರಲಿಲ್ಲ. ಸಾಮಾನು ಕಟ್ಟುವ ಉಪಾಯ ಕಂಡುಹಿಡಿದವರೂ ನೆನೆದಿರಲಿಲ್ಲ, ಆದರೆ ಅವರು ಒಳಗೆ ಏನಿದೆ ಎಂದು ಕೇಳದ ಚೀಲ ಹೊಲಿದರು. ನಮ್ಮ ಭಾಷೆಗೆ ಸಂಕೇತ ಸಿದ್ಧವಾದಾಗ ಯಾರ ಅಪ್ಪಣೆಗೂ ಕಾಯದೆ ಅದೇ ಚೀಲದಲ್ಲಿ ಅದೂ ಹೊರಟಿತು. ಮೂರಕ್ಕೆ ನಾಲ್ಕು ಎಂಬ ಸುಂಕ ಅದರ ಬೆಲೆ. ದುಬಾರಿ ಎನ್ನುತ್ತೀರೋ, ಅಗ್ಗ ಎನ್ನುತ್ತೀರೋ? ನನಗಂತೂ ಅಗ್ಗವೇ ಅನ್ನಿಸುತ್ತದೆ. ಯೂಸ್‌ನೆಟ್ಟಿನ ತುಂಡುಗಳನ್ನು ಕೈಯಾರೆ ಜೋಡಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ, ಏಳನೆಯ ತುಂಡು ಬಂತೋ ಇಲ್ಲವೋ ಎಂದು ತಿಳಿಯುವ ಕುತೂಹಲ ನನಗಿದೆ.